ಫೋಟೋ ತೆಗೆದವನು ಎಲ್ಲಿ ನಿಂತಿದ್ದ?

ಅಮ್ಮನ ಬಲಮಂಡಿಯ ಲೆಕ್ಕ ಹೀಗಿದೆ: ಹಿಡಿದುಕೊಳ್ಳಲು ಕಂಬಿ ಇದ್ದರೆ 12 ಮೆಟ್ಟಿಲು, ಇಲ್ಲದಿದ್ದರೆ 5. ಡಾಕ್ಟರು ಬರೆದುಕೊಟ್ಟದ್ದಲ್ಲ ಇದು. ತೀರ್ಥಹಳ್ಳಿಯ ಬ್ಯಾಂಕು, ಛತ್ರ, ನೆಂಟರ ಮನೆ ಎಲ್ಲ ಹತ್ತಿಳಿದು ಅವಳೇ ಕಂಡುಕೊಂಡದ್ದು. 2025ರ ಬೇಸಿಗೆಗೆ ಅಪ್ಪ ಅಮ್ಮ ಅಟ್ಲಾಂಟಾಕ್ಕೆ ಬರುವ ಟಿಕೆಟ್ ಆದ ದಿನವೇ ನಮ್ಮನೆಯವರು "ಸ್ಮೋಕೀಸ್‌ಗೆ ಕರ್ಕೊಂಡು ಹೋಗೋಣ, ಒಂದು ಕ್ಯಾಬಿನ್ ಹಿಡಿಯೋಣ" ಅಂದರು. ನನಗೆ ನೆನಪಾದದ್ದು ಬೆಟ್ಟವೂ ಅಲ್ಲ, ಕಾಡೂ ಅಲ್ಲ. 31 ಮೆಟ್ಟಿಲು.

ಆ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ಅಟ್ಲಾಂಟಾ ಕಡೆಯ ನಮ್ಮಂಥವರಿಗೆ ಟೆನೆಸಿಯ ಗ್ಯಾಟ್ಲಿನ್‌ಬರ್ಗ್ ಅಂದರೆ ಬೆಂಗಳೂರಿನವರಿಗೆ ಚಿಕ್ಕಮಗಳೂರು ಇದ್ದ ಹಾಗೆ. ನಾವಿರುವ ಕಮ್ಮಿಂಗ್‌ನಿಂದ ಸುಮಾರು 4 ಗಂಟೆಯ ದಾರಿ. ಊರಿನ ಜನಸಂಖ್ಯೆ ನಾಲ್ಕು ಸಾವಿರವೂ ಇಲ್ಲ, ಆದರೆ ಊರಿಗೆ ಅಂಟಿಕೊಂಡೇ ಇರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ಸುಮಾರು 1.2 ಕೋಟಿ ಭೇಟಿಗಳು. ಅಷ್ಟು ಜನ ಮಲಗುವುದೆಲ್ಲಿ? ಉದ್ಯಾನದೊಳಗೆ ಟೆಂಟ್ ಹಾಕುವವರಿಗೆ ಜಾಗವಿದೆ. ಸೂರು ಬೇಕೆಂದರೆ ಲೆಕಾಂಟ್ ಲಾಡ್ಜ್ ಅಂತ ಒಂದಿದೆ, ಅಲ್ಲಿಗೆ ರಸ್ತೆಯೇ ಇಲ್ಲ. ಹತ್ತಿರದ ಕಾಲುದಾರಿಯೇ 5 ಮೈಲಿ ಏರು, ತಾಜಾ ದಿನಸಿ ಲಾಮಾಗಳ ಬೆನ್ನ ಮೇಲೆ ಹೋಗುತ್ತದೆ. ಉಳಿದವರೆಲ್ಲ ಉದ್ಯಾನದ ಹೊರಗಿನ ಹೋಟೆಲುಗಳಿಗೆ, ಇಲ್ಲವೇ ಗುಡ್ಡಗುಡ್ಡದ ಮೇಲೂ ಎದ್ದಿರುವ ಕ್ಯಾಬಿನ್‌ಗಳಿಗೆ ಬರಬೇಕು. ಕ್ಯಾಬಿನ್ ಅಂದರೆ ಮರದ ದಿಮ್ಮಿಯ ಮನೆ ಅಂತ ಅರ್ಥ. ಒಳಗೆ ಮಾತ್ರ ಪೂಲ್ ಟೇಬಲ್, ಥಿಯೇಟರ್ ರೂಮು, ಹೊರಗೆ ಡೆಕ್ಕಿನ ಮೇಲೆ ಬಿಸಿನೀರಿನ ಹಾಟ್ ಟಬ್.

ಕೆಲವು ವರ್ಷದ ಹಿಂದೆ ಒಂದು ಡಿಸೆಂಬರ್‌ನಲ್ಲಿ ನಾವು ಹಿಡಿದ ಕ್ಯಾಬಿನ್ ಅಂಥದ್ದೇ. ಫೋಟೋದಲ್ಲಿ ಡೆಕ್ಕಿನಿಂದ ಏಳು ಸಾಲು ಬೆಟ್ಟ ಕಾಣುತ್ತಿತ್ತು, ನಾನು ಎಣಿಸಿದ್ದೆ. ಹೊರಟು 441ನೇ ಹೈವೇಯಲ್ಲಿ ಚೆರೋಕಿ ಅನ್ನುವ ಊರಿನ ತನಕ ಹೋದರೆ, ಮುಂದೆ ನ್ಯೂಫೌಂಡ್ ಗ್ಯಾಪ್ ರಸ್ತೆ ಹಿಮಕ್ಕೆ ಮುಚ್ಚಿದೆ ಅಂತ ಬೋರ್ಡು. ಆ ಘಾಟಿ 5,046 ಅಡಿ ಎತ್ತರದಲ್ಲಿದೆ. ಕೆಳಗೆ ಸಣ್ಣ ಮಳೆ ಬೀಳುತ್ತಿದ್ದರೂ ಮೇಲೆ ರಸ್ತೆ ಬೆಳ್ಳಗಾಗಿರುತ್ತದೆ. ಮ್ಯಾಗಿ ವ್ಯಾಲಿ, ಇಂಟರ್‌ಸ್ಟೇಟ್ 40, ಕಾಸ್ಬಿ ಅಂತ ಬೆಟ್ಟವನ್ನು ಸುತ್ತುಹಾಕಿ ಊರು ಮುಟ್ಟುವಾಗ ಪೂರ್ತಿ ಕತ್ತಲು. ಕ್ಯಾಬಿನ್ನಿನ ಅಡ್ಡರಸ್ತೆಗೆ ತಿರುಗಿದ ಕೂಡಲೇ ಫೋನ್ ಸಿಗ್ನಲ್ ಹೋಯಿತು. ಮನೆಯ ಡ್ರೈವ್‌ವೇ ಜಲ್ಲಿ ಹಾಸಿದ ಏರು. ನಮ್ಮ ಮಿನಿವ್ಯಾನ್ ಅರ್ಧ ಹತ್ತಿತು, ನಿಂತಿತು, ಮುಂದಿನ ಚಕ್ರ ಗಿರಗಿರ ತಿರುಗಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಏನಿದೆ ಅಂತ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು ಅಂತ ಮರುದಿನ ಬೆಳಗ್ಗೆ ಗೊತ್ತಾಯಿತು.

ಕಾರನ್ನು ಕೆಳಗೇ ನಿಲ್ಲಿಸಿ, ನಿದ್ದೆಹೋಗಿದ್ದ ಮಗನನ್ನು ನಮ್ಮನೆಯವರು ಹೆಗಲಿಗೆ ಹಾಕಿಕೊಂಡು, ನಾನು ಕುಕ್ಕರಿನ ಚೀಲ ಹಿಡಿದು, ಮಗಳು ಫೋನಿನ ಬೆಳಕು ತೋರಿಸುತ್ತಾ ಹತ್ತಿದೆವು. ಡ್ರೈವ್‌ವೇ ಮುಗಿದ ಮೇಲೆ ಬಾಗಿಲಿಗೆ ಮರದ ಮೆಟ್ಟಿಲು, 31. ಎರಡು ಕಡೆ ಹಲಗೆ ಅಲ್ಲಾಡುತ್ತಿತ್ತು. ಒಳಗೆ ಹೋಗಿ ಹೀಟರ್ ಹಾಕಿ, ಸಿಕ್ಕಿದ ವೈಫೈಯಲ್ಲಿ ಆ ಮನೆಯ ಪುಟವನ್ನು ಮತ್ತೆ ತೆಗೆದು ನೋಡಿದೆ. ಎಲ್ಲಕ್ಕಿಂತ ಕೆಳಗೆ, "ಹೆಚ್ಚು ತೋರಿಸು" ಒತ್ತಿದ ಮೇಲೆ ಸಿಗುವ ಜಾಗದಲ್ಲಿ ಬರೆದಿತ್ತು: ಚಳಿಗಾಲದಲ್ಲಿ ಫೋರ್ ವೀಲ್ ಡ್ರೈವ್ ಕಡ್ಡಾಯ. ಬರೆದಿರಲಿಲ್ಲ ಅನ್ನುವಂತಿಲ್ಲ. ಏಳು ಸಾಲು ಬೆಟ್ಟ ಎಣಿಸಿದವಳು ಏಳು ಸಾಲು ಕೆಳಗೆ ಓದಿರಲಿಲ್ಲ.

ಹಾಗಾಗಿ ಈ ಸಲ ಹುಡುಕುವ ಕೆಲಸ ನಾನೇ ವಹಿಸಿಕೊಂಡೆ. ಜೊತೆಗೆ ನಾರ್ತ್ ಕೆರೊಲಿನಾದ ಕ್ಯಾರಿಯಿಂದ ನಮ್ಮನೆಯವರ ಇಂಜಿನಿಯರಿಂಗ್ ಕಾಲೇಜಿನ ಗೆಳೆಯನ ಸಂಸಾರವೂ ಬರುವುದೆಂದಾಯಿತು. ದೊಡ್ಡವರು 6, ಮಕ್ಕಳು 4. ವಾಟ್ಸಾಪಿನಲ್ಲಿ ಗುಂಪು ಶುರುವಾಯಿತು, ದಿನಕ್ಕೆ ಹತ್ತು ಲಿಂಕು. ಕ್ಯಾರಿಯವರಿಗೆ ಹಾಟ್ ಟಬ್ ಬೇಕೇಬೇಕು. ಮಕ್ಕಳಿಗೆ ಆಟದ ಕೋಣೆ ಬೇಕು, ಪಕ್ಕದ ಊರು ಪಿಜನ್ ಫೋರ್ಜ್ ಹತ್ತಿರ ಇರಬೇಕು. ನಮ್ಮನೆಯವರಿಗೆ ವ್ಯೂ ಬೇಕು, ಆ ಡಿಸೆಂಬರ್ ಅವರಿಗೆ ಏನೂ ಕಲಿಸಿಲ್ಲ. ನನಗೆ ಮೆಟ್ಟಿಲು ಬೇಡ. ನಾಲ್ಕೂ ಒಂದೇ ಮನೆಯಲ್ಲಿ ಸಿಗುವುದಿಲ್ಲ ಅನ್ನುವುದು ವಾರದಲ್ಲೇ ಗೊತ್ತಾಯಿತು. ವ್ಯೂ ಅಂದರೆ ಎತ್ತರ, ಎತ್ತರ ಅಂದರೆ ಕಡಿದಾದ ರಸ್ತೆ, ಕಡಿದಾದ ರಸ್ತೆ ಅಂದರೆ ಇಳಿಜಾರಿನಲ್ಲಿ ಕಂಬದ ಮೇಲೆ ನಿಲ್ಲಿಸಿದ ಮನೆ. ಬೆಟ್ಟ ಕಾಣಬೇಕೆಂದರೆ ಮೆಟ್ಟಿಲು ಹತ್ತಲೇಬೇಕು, ಅಷ್ಟೇ.

ಒಂದು ಭಾನುವಾರ ಬೆಳಗ್ಗೆ ಅಪ್ಪನಿಗೆ ಸುಮ್ಮನೆ ಮೂರು ಲಿಂಕು ಕಳುಹಿಸಿದೆ. ಅವರಿಗೆ ಇಂಗ್ಲಿಷ್ ವಿವರ ಓದುವ ತಾಳ್ಮೆ ಇಲ್ಲ, ಫೋಟೋ ಮಾತ್ರ ನೋಡುತ್ತಾರೆ. ಅರ್ಧ ಗಂಟೆಗೆ ವಿಡಿಯೋ ಕಾಲ್ ಬಂತು.

"ಮೊದಲನೇದು ಬೇಡ ಮಾರಾಯ್ತಿ. ಜಗಲಿಯಿಂದ ಮರದ ತುದಿ ಕಾಣ್ತಾ ಉಂಟು. ತುದಿ ಇಲ್ಲಿದ್ರೆ ಬುಡ ಎಲ್ಲಿರ್ತದೆ ಯೋಚನೆ ಮಾಡು."

ಜಗಲಿ ಅಂದದ್ದು ಡೆಕ್ಕಿಗೆ.

"ಎರಡನೇದು, ಮನೆ ಫೋಟೋದಲ್ಲಿ ಮಾಡು ಪೂರ್ತಿ ಕಾಣ್ತದೆ. ಫೋಟೋ ತೆಗೆದವನು ಎಲ್ಲಿ ನಿಂತಿದ್ದ? ರಸ್ತೇಲಿ. ಅಂದ್ರೆ ಮನೆ ರಸ್ತೆಯಿಂದ ಕೆಳಗೆ. ಹೋಗೋವಾಗ ಇಳಿಜಾರು, ಬರೋವಾಗ ನಿನ್ನಮ್ಮ."

"ಮೂರನೇದು?"

"ಅದರಲ್ಲಿ ಹಾಸಿಗೆ ಉಂಟು, ಬಚ್ಚಲು ಉಂಟು, ಕಾಫಿ ಲೋಟದ್ದೇ ನಾಲ್ಕು ಫೋಟೋ ಉಂಟು. ಮನೆ ಬಾಗಿಲಿಂದು ಒಂದೂ ಇಲ್ಲ. ಬಾಗಿಲು ಯಾಕೆ ತೋರಿಸಲ್ಲ ಅವ?"

ನಾನು ಆ ಮನೆಯ 42 ಫೋಟೋ ಮತ್ತೆ ನೋಡಿದೆ. ನಿಜ, ಬಾಗಿಲಿಲ್ಲ.

ಇಷ್ಟು ಪಕ್ಕಾ ಹೇಗೆ ಗೊತ್ತು ಅಂದರೆ, ಅಪ್ಪನ ಪಾಠಶಾಲೆ ಪಕ್ಕದ ಮನೆಯಲ್ಲೇ ಇತ್ತು. ನಮ್ಮೂರಿನ ನೆರೆಮನೆಯವರು ಹಳೇ ಅಡಿಕೆ ಮನೆಯನ್ನು ಹೋಂಸ್ಟೇ ಮಾಡಿದ್ದಾರೆ. ಫೋಟೋ ತೆಗೆಯಲು ಬೆಂಗಳೂರಿನಿಂದ ಹುಡುಗ ಬಂದಿದ್ದ. ಅವನು ಅಂಗಳದಲ್ಲಿ ಮಲಗಿ ಫೋಟೋ ತೆಗೆದನಂತೆ, ಮನೆ ದೊಡ್ಡದಾಗಿ ಕಾಣಲಿ ಅಂತ. ರಸ್ತೆಯಿಂದ ಮನೆಗೆ ಇಳಿಯುವ ಜಂಬಿಟ್ಟಿಗೆಯ 40 ಮೆಟ್ಟಿಲು ಯಾವ ಫೋಟೋದಲ್ಲೂ ಇಲ್ಲ. ಪ್ರತಿ ಶನಿವಾರ ಯಾರಾದರೂ ಅಜ್ಜಿಯನ್ನು ಕರೆದುಕೊಂಡು ಬರುತ್ತಾರೆ, ಮನೆಯ ಹುಡುಗರು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಾರೆ. ಅಪ್ಪ ನಮ್ಮ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಾ ಬಂದವರು. "ಕಾಡಲ್ಲಿ ಮಲಗೋಕೆ ದುಡ್ಡು ಕೊಡ್ತಾರಾ ಅಂತ ಮೊದಲು ನಗು ಬರ್ತಿತ್ತು. ಈಗ ನನ್ನ ಮಗಳೇ ಕೊಡ್ತಾಳೆ" ಅಂದರು.

ಅಲ್ಲಿಂದ ಮುಂದೆ ಆಯ್ಕೆ ಸಮಿತಿಯ ಅಧ್ಯಕ್ಷರು ತೀರ್ಥಹಳ್ಳಿಯಲ್ಲಿದ್ದರು.

ಊರು ಯಾವುದು ಅನ್ನುವುದು ಮನೆಗಿಂತ ಮೊದಲು ತೀರ್ಮಾನವಾಗಬೇಕು, ಇದು ನನ್ನ ಅಭಿಪ್ರಾಯ. ಗ್ಯಾಟ್ಲಿನ್‌ಬರ್ಗ್ ಉದ್ಯಾನದ ಬಾಗಿಲಲ್ಲೇ ಇದೆ, ಆದರೆ ಕ್ಯಾಬಿನ್‌ಗಳೆಲ್ಲ ಗುಡ್ಡದ ಮೇಲಿನ ಕಿರಿದಾದ ತಿರುವುಗಳಲ್ಲಿ. ಪಿಜನ್ ಫೋರ್ಜ್ ಸಪಾಟು ಜಾಗ, ಮಕ್ಕಳಿಗೆ ಜಾತ್ರೆ. ಅಲ್ಲಿ ವಿಳಾಸವನ್ನೇ ಟ್ರಾಫಿಕ್ ಲೈಟಿನ ನಂಬರಿನಿಂದ ಹೇಳುತ್ತಾರೆ, ಒಂದು ಲೈಟಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಸಂಧ್ಯಾವಂದನೆ ಮುಗಿಯುತ್ತದೆ. ವೇರ್ಸ್ ವ್ಯಾಲಿ ಇವೆರಡರ ಗಲಾಟೆಯಿಂದ ಸ್ವಲ್ಪ ದೂರ. ಟೌನ್‌ಸೆಂಡ್ ಇನ್ನೂ ಪಶ್ಚಿಮಕ್ಕೆ, ಲಿಟಲ್ ರಿವರ್ ದಂಡೆಯ ಮೇಲೆ. ಸ್ಮೋಕೀಸಿನ ಶಾಂತ ಮಗ್ಗುಲು ಅಂತ ತಾವೇ ಹೇಳಿಕೊಳ್ಳುತ್ತಾರೆ, ಸುಳ್ಳೇನಲ್ಲ. 1901ರಲ್ಲಿ ಶುರುವಾದ ಲಿಟಲ್ ರಿವರ್ ಲಂಬರ್ ಕಂಪನಿಯ ಯಜಮಾನನ ಹೆಸರೇ ಊರಿಗೆ ಬಂದಿದೆ. ಈಗ ನಾವು ದಟ್ಟ ಕಾಡು ಅಂತ ಬಾಯಿಬಿಟ್ಟು ನೋಡುವ ಬೆಟ್ಟಗಳ ಬಹುಪಾಲು ಮರವನ್ನು ಅಂಥ ಕಂಪನಿಗಳು ಕಡಿದು ಸಾಗಿಸಿದ್ದವು. 1934ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಬೆಳೆದ ಕಾಡು ಇದು. ಅಪ್ಪನಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು "ಬಿಟ್ರೆ ಬೆಳೀತದೆ" ಅಂದರು.

ಟೌನ್‌ಸೆಂಡಿಗೆ ನಾನು ಅಂಟಿಕೊಂಡದ್ದಕ್ಕೆ ಇನ್ನೊಂದು ಕಾರಣ ಇದೆ. 2016ರ ನವೆಂಬರ್ 28ರ ರಾತ್ರಿ ಉದ್ಯಾನದೊಳಗಿನ ಚಿಮ್ನಿ ಟಾಪ್ಸ್ ಶಿಖರದ ಕಡೆಯ ಬೆಂಕಿ ಬಿರುಗಾಳಿಗೆ ಸಿಕ್ಕಿ ಗ್ಯಾಟ್ಲಿನ್‌ಬರ್ಗಿನೊಳಗೆ ನುಗ್ಗಿತು. 14 ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು ಇಲ್ಲವೇ ಜಖಂ ಆದವು. ಗುಡ್ಡದ ಮೇಲೆ ಇದ್ದವರು ಒಂದೇ ಕಿರಿದಾದ ರಸ್ತೆಯಲ್ಲಿ ಎರಡೂ ಕಡೆ ಉರಿಯುವ ಮರಗಳ ನಡುವೆ ಇಳಿದುಬಂದ ವಿಡಿಯೋಗಳನ್ನು ಆಗ ನೋಡಿದ್ದೆ. ಇವತ್ತು ಆ ಇಳಿಜಾರುಗಳಲ್ಲಿ ಹೊಸ ಹೊಳೆಯುವ ಕ್ಯಾಬಿನ್‌ಗಳಿವೆ. ಅಡ್ಡ ಮರಗಳಿಲ್ಲದೆ ವ್ಯೂ ಚೆನ್ನಾಗಿದೆ ಅಂತ ರಿವ್ಯೂ ಬರೆಯುತ್ತಾರೆ. ಅಡ್ಡ ಮರ ಯಾಕಿಲ್ಲ ಅಂತ ಯಾರೂ ಬರೆಯುವುದಿಲ್ಲ. ಅಲ್ಲಿ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಮ್ಯಾಪಿನಲ್ಲಿ ಮನೆಯ ಮೇಲೆ ಬೆರಳಿಟ್ಟು ಹೊರಗೆ ಬರಲು ಎಷ್ಟು ದಾರಿ ಇದೆ ಅಂತ ನೋಡುವ ಅಭ್ಯಾಸ ಮಾತ್ರ ನನಗೆ ಅಂದಿನಿಂದ.

ಇನ್ನು "10 ಜನ ಮಲಗಬಹುದು" ಅನ್ನುವ ಮಾತು. ಇದರಷ್ಟು ದೊಡ್ಡ ಸುಳ್ಳು ಮದುವೆ ಬ್ರೋಕರೂ ಹೇಳಲಾರ. ಅವರ ಲೆಕ್ಕದಲ್ಲಿ ಸೋಫಾ ಬಿಚ್ಚಿದರೆ ಇಬ್ಬರು. ಲಾಫ್ಟ್ ಅಂದರೆ ಅಟ್ಟ. ಅಲ್ಲಿ ಇಬ್ಬರು, ಬಾಗಿಲಿಲ್ಲ, ತಲೆ ಎತ್ತಿದರೆ ತೊಲೆ ಬಡಿಯುತ್ತದೆ, ಕೆಳಗಿನವರ ಗೊರಕೆ ಎಲ್ಲ ಅಲ್ಲಿಗೇ ಏರುತ್ತದೆ. ನಾನು ಬಾಗಿಲಿರುವ ಕೋಣೆಗಳನ್ನು ಮಾತ್ರ ಎಣಿಸಿದೆ. ಮೂರು ಸಂಸಾರಕ್ಕೆ ಮೂರು ಬಾಗಿಲು, ಅದರಲ್ಲಿ ಒಂದು ಕಾರು ನಿಲ್ಲುವ ಮಟ್ಟದಲ್ಲೇ ಇರಬೇಕು, ಅದರೊಳಗೇ ಬಚ್ಚಲೂ ಇರಬೇಕು. ಮಕ್ಕಳು ಎಲ್ಲಾದರೂ ಬಿದ್ದುಕೊಳ್ಳಲಿ. ಈ ಜರಡಿಗೆ ಹಾಕಿದರೆ 60 ಮನೆಯಲ್ಲಿ ಉಳಿದದ್ದು 4.

ಆ ನಾಲ್ಕು ಮನೆಯ ಮಾಲೀಕರಿಗೂ ಒಂದೇ ಮೆಸೇಜು ಬರೆದೆ. ಕಾರಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಬಾಗಿಲಿಂದ ಕೆಳಗಿನ ಕೋಣೆಗೆ ಎಷ್ಟು? ಬಚ್ಚಲಲ್ಲಿ ನಿಂತು ಸ್ನಾನ ಮಾಡುವ ಜಾಗವೋ, ಬಾತ್‌ಟಬ್ಬೋ? ದಾಟಬೇಕಾದ ಅಂಚು ಎಷ್ಟು ಎತ್ತರ? ಮಂಡಿನೋವಿನವರಿಗೆ ಮೆಟ್ಟಿಲಿಗಿಂತ ದೊಡ್ಡ ಶತ್ರು ಬಾತ್‌ಟಬ್. ಒದ್ದೆ ಕಾಲನ್ನು ಒಂದೂವರೆ ಅಡಿ ಎತ್ತಿ ಆಚೆ ಇಡಬೇಕು, ಹಿಡಿಯಲು ಪರದೆಯ ಹೊರತು ಏನೂ ಇರುವುದಿಲ್ಲ. ಒಬ್ಬರು ಉತ್ತರಿಸಲೇ ಇಲ್ಲ. ಒಬ್ಬರು "ತುಂಬಾ ಕಮ್ಮಿ ಮೆಟ್ಟಿಲು" ಅಂದರು. ನಮ್ಮೂರ ಕಡೆ "ಇಲ್ಲೇ ಹತ್ರ" ಅಂದ ಹಾಗೆ. ಮೂರನೆಯವರು ಒಳಾಂಗಣ ಈಜುಕೊಳ ಇದೆ, ನೋಡಿದ್ದೀರಾ ಅಂತ ಕೇಳಿದರು. ನಾಲ್ಕನೆಯಾಕೆ ಮರುದಿನ ಮೂರು ಫೋಟೋ ಕಳುಹಿಸಿದಳು. ಬಾಗಿಲ ಮುಂದಿನ ಮೆಟ್ಟಿಲು 3, ಪಕ್ಕದಲ್ಲಿ ಕಂಬಿ. ಶವರಿನ ಅಂಚಿಗೆ ಅಳತೆ ಟೇಪು ಒತ್ತಿಹಿಡಿದ ಕೈ, 4 ಇಂಚು. ಡ್ರೈವ್‌ವೇಯಲ್ಲಿ ನಿಂತ ಅವಳ ಸಣ್ಣ ಕಾರು, "ಇದು ಹತ್ತುತ್ತದೆ ಅಂದರೆ ನಿಮ್ಮದೂ ಹತ್ತುತ್ತದೆ" ಅಂತ ಕೆಳಗೆ ಸಾಲು. ಮೂರನ್ನೂ ಅಪ್ಪನಿಗೆ ದಾಟಿಸಿದೆ.

"ಇದು ಹಿಡಿ. ಅವಳ ತಾಯಿಗೂ ಮಂಡಿನೋವು ಇರ್ಬೇಕು."

ಹಾಟ್ ಟಬ್ ಇತ್ತು, ಕ್ಯಾರಿಯವರು ಒಪ್ಪಿದರು. ವ್ಯೂ ಅಂದರೆ ಒಂದು ಹುಲ್ಲುಗಾವಲು, ಅದರಾಚೆ ಒಂದೇ ಸಾಲು ಬೆಟ್ಟ. ನಮ್ಮನೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ರಾತ್ರಿಗೆ 235 ಡಾಲರ್ ಅಂತ ಹಾಕಿದ್ದ ಮನೆಗೆ 4 ರಾತ್ರಿಗೆ ಕ್ಲೀನಿಂಗ್ ಫೀ 225, ಸರ್ವಿಸ್ ಫೀ, ತೆರಿಗೆ ಸೇರಿ ಆದದ್ದು 1,435. ನಾವು ಕಾಯ್ದಿರಿಸಿದ್ದು ಏಪ್ರಿಲ್‌ನಲ್ಲಿ. ಮೇ 12ರಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಹೊಸ ನಿಯಮ ಜಾರಿಗೆ ಬಂದು, ತೆರಿಗೆ ಬಿಟ್ಟು ಉಳಿದ ಕಡ್ಡಾಯ ಫೀಗಳನ್ನೆಲ್ಲ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕು. ಆದರೂ ಕ್ಲೀನಿಂಗ್ ಫೀ ಒಂದು ರಾತ್ರಿಗೂ ಅಷ್ಟೇ, ನಾಲ್ಕು ರಾತ್ರಿಗೂ ಅಷ್ಟೇ ಅನ್ನುವುದನ್ನು ನೆನಪಿಡಿ. ಎರಡು ರಾತ್ರಿಗೆ ಹೋಗುವವರಿಗೆ ಕಸಬರಿಕೆಯೇ ದುಬಾರಿ. ಭಾನುವಾರ ಹೋಗಿ ಗುರುವಾರ ಬಂದದ್ದರಿಂದಲೂ ಒಂದಷ್ಟು ಉಳಿಯಿತು.

ಜೂನ್ ಎರಡನೇ ವಾರ ಹೊರಟೆವು. ಈ ಸಲ ನ್ಯೂಫೌಂಡ್ ಗ್ಯಾಪ್ ತೆರೆದಿತ್ತು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ತಿರುವು ಎಣಿಸಿದರು. ಆಗುಂಬೆ ಘಾಟಿಯ 14 ತಿರುವು ಅವರಿಗೆ ಅಳತೆಗೋಲು, ಯಾವ ಘಾಟಿಯನ್ನೂ ಅದರ ಮುಂದೆ ಇಟ್ಟೇ ತೂಗುವುದು. ಗ್ಯಾಪ್ ದಾಟಿ ಟೆನೆಸಿ ಕಡೆ ಇಳಿಯುವಾಗ ಒಂದು ಕಡೆ ರಸ್ತೆ ಸುತ್ತಿ ತನ್ನದೇ ಅಡಿಯಲ್ಲಿ ನುಸುಳಿ ಹೋಗುತ್ತದೆ. ಅಲ್ಲಿ ಮಾತ್ರ "ಇದು ಆಗುಂಬೇಲಿ ಇಲ್ಲ" ಅಂತ ಒಪ್ಪಿಕೊಂಡರು. ಕ್ಯಾರಿಯವರ ದಾರಿ ನಮ್ಮಷ್ಟು ಸುಲಭ ಇರಲಿಲ್ಲ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತಕ್ಕೆ ಪಿಜನ್ ನದಿ ಕಣಿವೆಯಲ್ಲಿ ಇಂಟರ್‌ಸ್ಟೇಟ್ 40 ಕೊಚ್ಚಿಹೋಗಿ, ಮಾರ್ಚ್‌ನಲ್ಲಷ್ಟೇ ಒಂದೊಂದು ದಿಕ್ಕಿಗೆ ಒಂದೊಂದು ಲೇನ್ ತೆರೆದಿದ್ದರು. ಅವರು ಬಂದು ಮುಟ್ಟಿದಾಗ ಅಮ್ಮ ಆಗಲೇ ಆ ಮನೆಯ ಅಡುಗೆಮನೆಯ ಡಬ್ಬಗಳ ಜಾಗ ಬದಲಾಯಿಸಿಯಾಗಿತ್ತು.

ಅಡುಗೆಮನೆಯ ವಿಷಯದಲ್ಲಿ ನಾನು ಸೋತೆ. ಒಲೆ ಎಷ್ಟು, ಫ್ರಿಜ್ ಎಷ್ಟು ದೊಡ್ಡದು ಎಲ್ಲ ಕೇಳಿದ್ದೆ. ಒಲೆ ಮೇಲಿನ ಫ್ಯಾನ್ ಗಾಳಿಯನ್ನು ಎಲ್ಲಿಗೆ ಬಿಡುತ್ತದೆ ಅಂತ ಕೇಳಿರಲಿಲ್ಲ. ಮೊದಲ ಬೆಳಗ್ಗೆ ಅಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟಳು. ಸಾಸಿವೆ ಸಿಡಿಯಿತು, ಒಣಮೆಣಸು ಬಿತ್ತು, ಮನೆಯ ಮೂರೂ ಮಹಡಿಯ ಸ್ಮೋಕ್ ಅಲಾರಂ ಒಟ್ಟಿಗೆ ಕೂಗಿಕೊಂಡವು. ಅಟ್ಟದಿಂದ ಮಕ್ಕಳು ಉರುಳಿಕೊಂಡು ಬಂದರು. ನಮ್ಮನೆಯವರು ಕುರ್ಚಿ ಹತ್ತಿ ಟವೆಲ್ ಬೀಸಿದರು. ಒಲೆಯ ಮೇಲಿದ್ದದ್ದು ಮೈಕ್ರೋವೇವ್‌ಗೆ ಜೋಡಿಸಿದ ಫ್ಯಾನು. ಅದು ಹೊಗೆಯನ್ನು ಹೀರಿ, ಒಂದು ಜಾಲರಿಯಲ್ಲಿ ಸೋಸಿ, ಮತ್ತೆ ನಮ್ಮ ಮುಖಕ್ಕೇ ಊದುತ್ತದೆ. ಹಾಗಾದರೆ ಡೆಕ್ಕಿನ ಮೇಲೆ ಒಗ್ಗರಣೆ ಹಾಕೋಣವೆಂದರೆ ಬಾಗಿಲಿಗೇ ಚೀಟಿ: ಹೊರಗೆ ಆಹಾರ ಇಡಬೇಡಿ, ಕರಡಿ ಬರುತ್ತದೆ. ಒಳಗೆ ಹಾಕಿದರೆ ಅಲಾರಂ, ಹೊರಗೆ ಹಾಕಿದರೆ ಕರಡಿ. ಕೊನೆಗೆ ಕಿಟಕಿ ತೆರೆದು, ಮೆಣಸನ್ನು ಎಣ್ಣೆ ತಣ್ಣಗಾದ ಮೇಲೆ ಹಾಕಿ, ಅಮ್ಮ ನಾಲ್ಕು ದಿನ ದೂಡಿದಳು. "ಘಮವೇ ಇಲ್ಲದ ಒಗ್ಗರಣೆ, ಆಸ್ಪತ್ರೆ ಊಟ" ಅಂದಳು.

ಕರಡಿಯದು ತಮಾಷೆಯಲ್ಲ. ಉದ್ಯಾನದಲ್ಲಿ ಅಂದಾಜು 1,900 ಕಪ್ಪು ಕರಡಿಗಳಿವೆ, ಅವಕ್ಕೆ ಉದ್ಯಾನದ ಗಡಿ ಗೊತ್ತಿಲ್ಲ. ಕಾರಿನ ಬಾಗಿಲಿನ ಹಿಡಿಯನ್ನು ಎಳೆದು ತೆರೆಯುವುದು ಅವಕ್ಕೆ ಕಷ್ಟವಲ್ಲ, ಒಳಗೆ ಒಂದು ಚಿಪ್ಸ್ ಪೊಟ್ಟಣ ಇದ್ದರೆ ಸಾಕು. ಕ್ಯಾಬಿನ್ ಆರಿಸುವಾಗ ಕಸದ ಡಬ್ಬಿಗೆ ಕಬ್ಬಿಣದ ಪಂಜರ, ಬೋಲ್ಟು ಇದೆಯಾ ಅಂತ ಫೋಟೋದಲ್ಲಿ ನೋಡಿ. ಇದ್ದರೆ ಆ ಮನೆಯವರಿಗೆ ಬುದ್ಧಿ ಇದೆ ಅಂತ. ನಮಗೆ ಕರಡಿ ಕಂಡದ್ದು ಮಂಗಳವಾರ ಉದ್ಯಾನದ ಕೇಡ್ಸ್ ಕೋವ್ ಕಣಿವೆಯಲ್ಲಿ, ಎರಡು ಮರಿಗಳ ಜೊತೆ, ಮರದ ಮೇಲೆ. ಮುಂದೆ ಹಿಂದೆ ನೂರು ಕಾರು ನಿಂತು ರಸ್ತೆ ಕಟ್ಟಿಹೋಯಿತು. ಅಪ್ಪ ಕಿಟಕಿ ಇಳಿಸಲೇ ಇಲ್ಲ. ನಮ್ಮ ಕಾಡಿನ ಕರಡಿ ಎದುರು ಸಿಕ್ಕರೆ ಮುಖಕ್ಕೇ ಕೈ ಹಾಕುತ್ತದೆ. ಅದನ್ನು ಕಂಡವರಿಗೆ ಕರಡಿ ಅಂದರೆ ಟೆಡ್ಡಿ ಅಂತ ನಂಬಿಸುವುದು ಕಷ್ಟ.

ಕೇಡ್ಸ್ ಕೋವ್ 11 ಮೈಲಿಯ ಒಂದೇ ದಿಕ್ಕಿನ ಸುತ್ತುದಾರಿ. ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆವರೆಗೆ ಬುಧವಾರ ಅಲ್ಲಿಗೆ ಕಾರು ಬಿಡುವುದಿಲ್ಲ, ನಡೆಯುವವರಿಗೆ ಮತ್ತು ಸೈಕಲ್ಲಿಗೆ ಮಾತ್ರ. ಗೊತ್ತಿದ್ದರಿಂದ ಅಮ್ಮನನ್ನು ಮಂಗಳವಾರ ಕಾರಿನಲ್ಲಿ ಕರೆದೊಯ್ದೆವು, ಕ್ಯಾರಿಯವರು ಬುಧವಾರ ಮಕ್ಕಳ ಜೊತೆ ಬಾಡಿಗೆ ಸೈಕಲ್ಲಿನಲ್ಲಿ ಹೋದರು.

ಅಪ್ಪನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅಲ್ಲಿರುವ ಜಾನ್ ಆಲಿವರನ ಮನೆ. 1820ರ ದಶಕದ್ದು. ಕೆಳಗೆ ಒಂದೇ ಕೋಣೆ, ಮೇಲೆ ಅಟ್ಟ, ಕಲ್ಲಿನ ಒಲೆಗೂಡು. ಅಪ್ಪ ಮೂಲೆಯಲ್ಲಿ ಬಗ್ಗಿ ನಿಂತು ದಿಮ್ಮಿಗಳು ಒಂದರೊಳಗೊಂದು ಕಚ್ಚಿಕೊಂಡ ಕಡೆ ಹೆಬ್ಬೆರಳು ಆಡಿಸಿದರು. ಕೊಡಲಿಯಿಂದ ಚೌಕ ಮಾಡಿದ ದಿಮ್ಮಿ, ಪಾರಿವಾಳದ ಬಾಲದ ಹಾಗೆ ಅಗಲವಾಗಿ ಕೊರೆದ ತುದಿ. ಮೂಲೆಗೆ ಮೊಳೆ ಬೇಕಿಲ್ಲ, ಮನೆಯ ಭಾರವೇ ಅದನ್ನು ಬಿಗಿಮಾಡುತ್ತದೆ. ನಡುವಿನ ಸಂದಿಗೆ ಮಣ್ಣು ಮೆತ್ತಿದೆ. ವಾಪಸ್ ನಮ್ಮ ಕ್ಯಾಬಿನ್ನಿಗೆ ಬಂದ ಮೇಲೆ ಗೋಡೆಯ ದಿಮ್ಮಿಯನ್ನು ಗೆಣ್ಣಿನಿಂದ ಕುಟ್ಟಿದರು. ಟಕ್ ಟಕ್ ಅಂತ ಟೊಳ್ಳು ಸದ್ದು.

"ಇದು ದಿಮ್ಮಿ ಅಲ್ಲ. ಹಲಗೆಗೆ ದಿಮ್ಮಿ ವೇಷ."

ಈ ಕಡೆ ಹೊಸ ಕ್ಯಾಬಿನ್‌ಗಳಲ್ಲಿ ಎಷ್ಟೋ ಹೀಗೇ. ಒಳಗೆ ಸಾಮಾನ್ಯ ಮನೆಯ ಚೌಕಟ್ಟು, ಹೊರಗೆ ಅರ್ಧ ದಿಮ್ಮಿಯ ಹೊದಿಕೆ. ನನಗೆ ಅದರಿಂದ ಬೇಜಾರೇನಿಲ್ಲ, ಶವರಿನ ಅಂಚು 4 ಇಂಚು ಇತ್ತಲ್ಲ, ಸಾಕು. ಆಲಿವರನ ಮನೆಯಲ್ಲಿ ಬಚ್ಚಲೇ ಇಲ್ಲ.

ಕುವೋಹಿಗೂ ಹೋದೆವು. ಕ್ಲಿಂಗ್‌ಮನ್ಸ್ ಡೋಮ್ ಅಂತ ಕರೆಯುತ್ತಿದ್ದ ಶಿಖರಕ್ಕೆ 2024ರ ಸೆಪ್ಟೆಂಬರಿನಲ್ಲಿ ಚೆರೋಕಿ ಜನರ ಹಳೇ ಹೆಸರು ಮರಳಿ ಬಂದಿದೆ. 6,643 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಅಡಿ ಹೆಚ್ಚು. ಪಾರ್ಕಿಂಗಿನಿಂದ ಮೇಲಕ್ಕೆ ಅರ್ಧ ಮೈಲಿ ಡಾಂಬರು ದಾರಿ, ಆದರೆ ಗೋಡೆಯಂಥ ಏರು. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, 15 ನಿಮಿಷಕ್ಕಿಂತ ಹೆಚ್ಚು ಕಾರು ನಿಲ್ಲಿಸಲು ವಾರಕ್ಕೆ 15 ಡಾಲರಿನ ಚೀಟಿ ತೆಗೆದುಕೊಳ್ಳಬೇಕು. ಎಲ್ಲರೂ ಹತ್ತಲು ಹೋದರು. ನಾನೂ ಅಮ್ಮನೂ ಪಾರ್ಕಿಂಗಿನ ಅಂಚಿನ ಕಲ್ಲುಗೋಡೆ ಮೇಲೆ ಸ್ವೆಟರ್ ಹಾಕಿಕೊಂಡು ಕೂತೆವು. ಬೆಟ್ಟಗಳ ಮೇಲಿನ ನೀಲಿ ಮಬ್ಬು ಗಿಡಮರಗಳೇ ಬಿಡುವ ಆವಿಯಿಂದ ಬರುತ್ತದೆ ಅಂತ ಹೇಳಿದೆ. "ಎಷ್ಟು ಸಾಲು ಕಾಣ್ತದೆ?" ಅಂತ ಕೇಳಿದಳು. ಎಣಿಸಿದೆ, ಏಳಕ್ಕಿಂತ ಹೆಚ್ಚೇ ಇತ್ತು. ಅದೂ ಒಂದು ಮೆಟ್ಟಿಲೂ ಹತ್ತದೆ, ಕಾರಿನಿಂದ ಹತ್ತು ಹೆಜ್ಜೆಗೆ. ನಮ್ಮನೆಯವರು ಇಳಿದುಬಂದ ಮೇಲೆ ಇದನ್ನು ಎರಡು ಸಲ ಹೇಳಿದೆ.

ಉದ್ಯಾನದೊಳಗಿನ ಎಲ್ಕ್‌ಮಾಂಟಿನಲ್ಲಿ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವ ಮಿಂಚುಹುಳ ನೋಡಲು ರಾತ್ರಿಗೆ 120 ಗಾಡಿಗೆ ಮಾತ್ರ ಬಿಡುತ್ತಾರೆ, ಏಪ್ರಿಲ್‌ನಲ್ಲಿ ಲಾಟರಿ. ಹಾಕಿದ್ದೆ, ಬರಲಿಲ್ಲ. ಕ್ಯಾಬಿನ್ ಮುಂದಿನ ಹುಲ್ಲಿನಲ್ಲಿ ಸಾಧಾರಣ ಮಿಂಚುಹುಳಗಳಿದ್ದವು. ಒಂದೊಂದು ತನಗೆ ಬೇಕಾದಾಗ ಮಿನುಗುತ್ತಿತ್ತು. ಮಳೆಗಾಲದ ಮುಂಚೆ ನಮ್ಮ ತೋಟದ ತಲೆಯಲ್ಲಿ ಇದಕ್ಕಿಂತ ಜಾಸ್ತಿ ಅಂತ ಅಪ್ಪ ಹಾಟ್ ಟಬ್ಬಿನಲ್ಲಿ ಕಾಲು ಇಳಿಬಿಟ್ಟುಕೊಂಡು ಹೇಳಿದರು. ಕಾಲು ಮಾತ್ರ. ಪೂರ್ತಿ ಇಳಿಯಲು ಒಪ್ಪಲಿಲ್ಲ. "ನಾಲ್ಕು ಜನ ಸ್ನಾನ ಮಾಡಿದ ಹಂಡೆ ನೀರು" ಅಂತ.

ಗುರುವಾರ ಬೆಳಗ್ಗೆ 10ಕ್ಕೆ ಬಿಡಬೇಕು. ಪಾತ್ರೆ ಡಿಶ್‌ವಾಶರಿಗೆ ಹಾಕಿ, ಕಸ ಪಂಜರಕ್ಕೆ ಹಾಕಿ, ಬಾಗಿಲು ಎಳೆದುಕೊಳ್ಳಿ, ಇಷ್ಟೇ ಅವರು ಕೇಳಿದ್ದು. 225 ಡಾಲರ್ ಕೊಟ್ಟಾಗಿದೆ ಅಂತ ನಾನು ಎಷ್ಟು ಹೇಳಿದರೂ ಅಮ್ಮ ಕೇಳಲಿಲ್ಲ. ಪೊರಕೆ ಹುಡುಕಿ ಅಡುಗೆಮನೆ ಗುಡಿಸಿದಳು, ಒಲೆ ಒರೆಸಿದಳು, ಡಬ್ಬಗಳನ್ನು ಮೊದಲಿದ್ದ ಜಾಗಕ್ಕೇ ಇಟ್ಟಳು. ಯಾವುದು ಎಲ್ಲಿತ್ತು ಅಂತ ನೆನಪಿಟ್ಟುಕೊಂಡಿದ್ದಳು.

ಅಷ್ಟರಲ್ಲಿ ಅಪ್ಪ ಟೀಪಾಯಿಯ ಮೇಲಿದ್ದ ಗೆಸ್ಟ್ ಬುಕ್ ತೆಗೆದುಕೊಂಡು ಕೂತಿದ್ದರು. ಅದರಲ್ಲಿ ಬಂದವರೆಲ್ಲ ಹೃದಯದ ಚಿತ್ರ, ಕರಡಿ ಚಿತ್ರ ಬಿಡಿಸಿ, ಸುಂದರ, ಅದ್ಭುತ, ಮತ್ತೆ ಬರುತ್ತೇವೆ ಅಂತ ಬರೆದಿದ್ದರು. ಅಪ್ಪ ಕನ್ನಡಕ ಹಾಕಿಕೊಂಡು ಕನ್ನಡದಲ್ಲಿ, ಅಡಿಕೆ ಲೆಕ್ಕದ ಪುಸ್ತಕದಲ್ಲಿ ಬರೆಯುವ ಹಾಗೆ ಒಂದರ ಕೆಳಗೊಂದು ಬರೆದರು:

ಕಾರಿನಿಂದ ಬಾಗಿಲಿಗೆ 3 ಮೆಟ್ಟಿಲು. ಎಡಗಡೆ ಕಂಬಿ ಇದೆ.
ಬಾಗಿಲಿಂದ ಕೆಳಗಿನ ಕೋಣೆಗೆ ಮೆಟ್ಟಿಲಿಲ್ಲ.
ಮೇಲಿನ ಕೋಣೆಗೆ 14. ಅಟ್ಟಕ್ಕೆ ಏಣಿ.
ಒಗ್ಗರಣೆ ಹಾಕುವಾಗ ಕಿಟಕಿ ತೆರೆಯುವುದು.

"ಕನ್ನಡದಲ್ಲಿ ಬರೆದ್ರೆ ಇಲ್ಲಿ ಯಾರು ಓದ್ತಾರೆ ಅಪ್ಪ?" ಅಂದೆ.

"ಅಟ್ಲಾಂಟಾದಿಂದ ಇಷ್ಟು ಜನ ಬರ್ತೀರಲ್ಲ" ಅಂತ ಪೆನ್ನಿಗೆ ಕ್ಯಾಪ್ ಹಾಕಿ, ಮೂರು ಮೆಟ್ಟಿಲು ಇಳಿದು ಕಾರಿನ ಕಡೆ ಹೋದರು.